ಮಂಡ್ಯದ ಓದುಗರಿಗೆ: ಬೇರೆ ಫೆಸ್ಟಿವಲ್ ಯಾಕೆ ಬೇಕು ಅಂದರೆ

ಹೋದ ಸಂಚಿಕೆಯ ಸಿನಿಮಾ ಫೆಸ್ಟಿವಲ್ ಲೇಖನ ಓದಿ ಮಂಡ್ಯದಿಂದ ಓದುಗರೊಬ್ಬರು ಬರೆದಿದ್ದಾರೆ: "ಸಿನಿಮಾ ಚೆನ್ನಾಗಿದ್ರೆ ಯಾವ ಥಿಯೇಟರಲ್ಲಾದ್ರೂ ಓಡುತ್ತೆ. ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಜನರ ಸಿನಿಮಾಕ್ಕೆ ಅಂತ ಮುಂಬೈನಲ್ಲಿ ಬೇರೆ ಫೆಸ್ಟಿವಲ್ ಯಾಕೆ? ಈಗಂತೂ ಮೊಬೈಲಲ್ಲೇ ಎಲ್ಲ ಸಿಗುತ್ತೆ. ನನ್ನ ಅಣ್ಣನ ಮಗಳು ಎಂಜಿನಿಯರಿಂಗ್ ಓದಿ, ಈಗ ಇಂಥದ್ದೇ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಇದೂ ಒಂದು ಕೆಲಸವೇ?"

ನಮಸ್ಕಾರ ಸರ್. ಆ ಮುಂಬೈ ಫೆಸ್ಟಿವಲ್ ಹೆಸರು ಕಾಶಿಶ್. ಅದನ್ನು ಕಟ್ಟಿದ ಶ್ರೀಧರ್ ರಂಗಾಯನ್ ಹುಟ್ಟಿದ್ದು ನಿಮ್ಮ ಮಂಡ್ಯದಲ್ಲೇ. ಓದಿದ್ದು ಮೈಸೂರಿನ ಎನ್‌ಐಇಯಲ್ಲಿ ಸಿವಿಲ್ ಎಂಜಿನಿಯರಿಂಗ್. ಆಮೇಲೆ ಐಐಟಿ ಬಾಂಬೆಯಲ್ಲಿ ಡಿಸೈನ್ ಕಲಿತು, ಸಿನಿಮಾ ನಿರ್ದೇಶಕಿ ಸಾಯಿ ಪರಾಂಜಪೆ ಅವರ ಹತ್ತಿರ ಅಸಿಸ್ಟೆಂಟ್ ಆಗಿದ್ದು, ಟಿವಿ ಧಾರಾವಾಹಿಗಳನ್ನೂ ನಿರ್ದೇಶಿಸಿದರು. ತಾನು ಗೇ ಅನ್ನುವುದನ್ನು ಮುಚ್ಚಿಡದೆ ಬದುಕುತ್ತಿರುವವರು. 1994ರಲ್ಲಿ ಗೇ ಜನರಿಗಾಗಿ ಕೆಲಸ ಮಾಡುವ ಹಮ್‌ಸಫರ್ ಟ್ರಸ್ಟ್ ಶುರುವಾದಾಗ ಅದರ ಸ್ಥಾಪಕ ಟ್ರಸ್ಟಿಗಳಲ್ಲಿ ಒಬ್ಬರು.

ಈಗ "ಚೆನ್ನಾಗಿದ್ರೆ ಓಡುತ್ತೆ" ಅನ್ನುವ ಮಾತಿಗೆ ಬರೋಣ. ಥಿಯೇಟರಿನಲ್ಲಿ ಸಿನಿಮಾ ಶುರುವಾಗುವ ಮುಂಚೆ ತೆರೆ ಮೇಲೆ ಒಂದು ಕಾಗದ ಬರುತ್ತಲ್ಲ, ಸಿನಿಮಾದ ಹೆಸರು, ಅವಧಿ, 'ಯು' ಅಥವಾ 'ಎ' ಅಂತ ಅಕ್ಷರ, ಕೆಳಗೆ ಸಹಿ? ನಾವು ಅದನ್ನು ಓದುವುದೇ ಇಲ್ಲ, ಪಾಪ್‌ಕಾರ್ನ್ ಹಿಡಿದು ಸೀಟು ಹುಡುಕುತ್ತಿರುತ್ತೇವೆ. ಆ ಒಂದು ಕಾಗದ ಇಲ್ಲದಿದ್ದರೆ ಸಿನಿಮಾ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಥಿಯೇಟರ್ ಇಲ್ಲ. ರಂಗಾಯನ್ ಅವರು 2003ರಲ್ಲಿ ಹೆಣ್ಣಿನ ವೇಷ ತೊಟ್ಟು ಕುಣಿಯುವ ಗಂಡಸರ, ಅಂದರೆ ಡ್ರ್ಯಾಗ್ ಕ್ವೀನ್‌ಗಳ ಬದುಕಿನ ಬಗ್ಗೆ 'ಗುಲಾಬಿ ಆಯಿನಾ' ಮಾಡಿದರು. ಸೆನ್ಸಾರ್ ಮಂಡಳಿ ಆ ಕಾಗದ ಕೊಡಲಿಲ್ಲ. ಮತ್ತೆ ಕೇಳಿದರೂ ಸಿಗಲಿಲ್ಲ. ಹೊರದೇಶದ ಹತ್ತಾರು ಫೆಸ್ಟಿವಲ್‌ಗಳಲ್ಲಿ ಓಡಿದ, ಅಲ್ಲಿ ಪ್ರಶಸ್ತಿಯನ್ನೂ ಪಡೆದ ಸಿನಿಮಾಕ್ಕೆ ನಮ್ಮ ಊರಿನ ಯಾವ ಥಿಯೇಟರಿನಲ್ಲೂ ಜಾಗ ಇರಲಿಲ್ಲ. ಜನ ನೋಡಿ ಬೇಡ ಅಂದಿದ್ದರೆ ಅದು ಬೇರೆ ಮಾತು. ಅವರಿಗೆ ನೋಡೋಕೇ ಬಿಡಲಿಲ್ಲ.

ಫೆಸ್ಟಿವಲ್ ಉಪಯೋಗಕ್ಕೆ ಬರುವುದು ಇಲ್ಲೇ. ಸೆನ್ಸಾರ್ ಆಗದ ಸಿನಿಮಾಗಳ ಪಟ್ಟಿ, ಕಥಾ ಸಾರಾಂಶ ಎಲ್ಲ ದೆಹಲಿಗೆ ಕಳಿಸಿ ಕೇಳಿಕೊಂಡರೆ, ವಾರ್ತಾ ಮತ್ತು ಪ್ರಸಾರ ಸಚಿವಾಲಯ ಫೆಸ್ಟಿವಲ್ ನಡೆಯುವ ದಿನಗಳ ಮಟ್ಟಿಗೆ ವಿನಾಯಿತಿ ಕೊಡಬಹುದು. ಮುಂಚೆಯೇ ಹೆಸರು ನೋಂದಾಯಿಸಿದವರಿಗೆ ಮಾತ್ರ ಪ್ರವೇಶ. ಕೊರಳಿಗೆ ಬ್ಯಾಡ್ಜ್ ನೇತು ಹಾಕಿಕೊಂಡು ಓಡಾಡುತ್ತಾರಲ್ಲ, ಅದು ಸುಮ್ನೆ ಶೋಕಿಗಲ್ಲ.

ಇಂಥ ಫೆಸ್ಟಿವಲ್ ಕಾಶಿಶ್‌ಗೂ ಮುಂಚೆ ಇತ್ತು. 2003ರಲ್ಲೇ ಮುಂಬೈನಲ್ಲಿ 'ಲರ್ಜಿಶ್' ನಡೆದಿತ್ತು. ಬೆಂಗಳೂರಿನಲ್ಲೂ ವಾಲಂಟಿಯರ್‌ಗಳೇ ಸೇರಿ ಕ್ವೀರ್ ಫಿಲ್ಮ್ ಫೆಸ್ಟಿವಲ್ ಶುರು ಮಾಡಿದ್ದರು (ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಎಲ್ಲರನ್ನೂ ಸೇರಿಸಿ ಹೇಳುವ ಮಾತು ಕ್ವೀರ್). ರಂಗಾಯನ್ ಮಾಡಿದ್ದು ಏನೆಂದರೆ, ಸಚಿವಾಲಯದ ಅನುಮತಿ ಪಡೆದು, 2010ರ ಏಪ್ರಿಲ್‌ನಲ್ಲಿ ಈ ಸಿನಿಮಾಗಳನ್ನು ಮುಂಬೈನ ಒಂದು ಮಲ್ಟಿಪ್ಲೆಕ್ಸ್‌ಗೆ ತಂದಿದ್ದು. ಎಲ್ಲರೂ ಹಿಂದಿ ಸಿನಿಮಾ ನೋಡೋಕೆ ಹೋಗುವ ಜಾಗ ಅದು. ಹಿಂದಿನ ವರ್ಷ ಜುಲೈನಲ್ಲಷ್ಟೇ ದೆಹಲಿ ಹೈಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟಿತ್ತು, ವಯಸ್ಕರು ಒಪ್ಪಿ ಜೊತೆಗಿದ್ದರೆ ಅಪರಾಧವಲ್ಲ ಅಂತ.

2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತೆಗೆದುಹಾಕಿತು. ನಿನ್ನೆವರೆಗೆ ಇದ್ದ ಧೈರ್ಯ ಒಂದೇ ದಿನಕ್ಕೆ ಕುಸಿದುಹೋಯಿತು. ಇಂಥ ಹೊತ್ತಿನಲ್ಲಿ ಯಾರಾದರೂ ಈ ವರ್ಷ ಚಿಕ್ಕದಾಗಿ, ಎಲ್ಲೋ ಒಂದು ರೂಮಿನಲ್ಲಿ ಮಾಡೋಣ ಅನ್ನುತ್ತಾರೆ, ಅಲ್ವಾ? ಐದು ತಿಂಗಳ ನಂತರ, 2014ರ ಮೇನಲ್ಲಿ, ಕಾಶಿಶ್ ಮರೀನ್ ಲೈನ್ಸ್‌ನ ಲಿಬರ್ಟಿ ಚಿತ್ರಮಂದಿರಕ್ಕೆ ಹೋಯಿತು. 1949ರಲ್ಲಿ 'ಅಂದಾಜ್' ಸಿನಿಮಾದಿಂದ ಬಾಗಿಲು ತೆರೆದ, ಸಾವಿರಕ್ಕೂ ಜಾಸ್ತಿ ಸೀಟಿನ ದೊಡ್ಡ ಥಿಯೇಟರ್. ಅವರ ಇಡೀ ಕೆಲಸದಲ್ಲಿ ನನಗೆ ತುಂಬಾ ದೊಡ್ಡದು ಅನ್ನಿಸುವುದು ಇದೇ.

ಮೊಬೈಲಿನಲ್ಲಿ ಸಿಗುತ್ತೆ, ನಿಜ. ಆದರೆ ಮನೆಯವರೆಲ್ಲ ಮಲಗಿದ ಮೇಲೆ, ಹೊದಿಕೆಯೊಳಗೆ, ಬೆಳಕು ಕಡಿಮೆ ಮಾಡಿಕೊಂಡು, ಇಯರ್‌ಫೋನ್ ಹಾಕಿ, ಯಾರೋ ಎದ್ದ ಸದ್ದಾದರೆ ಫೋನ್ ಮಗುಚಿ ಹಾಕುತ್ತಾ ನೋಡಿದ ಹುಡುಗನೇ ಒಂದು ದಿನ ಲಿಬರ್ಟಿಯಲ್ಲಿ ಕೂತಿದ್ದಾನೆ ಅಂದುಕೊಳ್ಳಿ. ಅದೇ ಸೀನಿಗೆ ಇಡೀ ಹಾಲ್ ನಗುತ್ತಿದೆ, ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಳ್ಳುತ್ತಿದ್ದಾರೆ. ಇದನ್ನು ಫೋನ್ ಕೊಡುವುದಿಲ್ಲ.

ಇನ್ನೊಂದು ವಿಷಯ, ಇದು ತೋರಿಸುವುದಕ್ಕೆ ಮಾತ್ರ ಅಲ್ಲ. ಹೊಸಬರು ಸಿನಿಮಾ ಮಾಡಲಿ ಅಂತ ಕಾಶಿಶ್ ಒಂದು ಗ್ರ್ಯಾಂಟ್, ಅಂದರೆ ಧನಸಹಾಯ, ಇಟ್ಟಿದೆ. ಉದಯೋನ್ಮುಖ ಭಾರತೀಯ ನಿರ್ದೇಶಕರಿಗೆ ರಿಯಾದ್ ವಾಡಿಯಾ ಹೆಸರಿನ ಪ್ರಶಸ್ತಿ ಇದೆ. ವಾಡಿಯಾ 1996ರಲ್ಲಿ ಗೇ ಬದುಕಿನ ಕಿರುಚಿತ್ರ 'ಬಾಮ್‌ಗೇ' ಮಾಡಿದವರು, 2003ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು.

ನಿಮ್ಮ ಮುಖ್ಯ ಚಿಂತೆ ಹೊಟ್ಟೆಪಾಡಿನದು. ಅದು ಸರಿಯಾದ ಚಿಂತೆಯೇ. ಫೆಸ್ಟಿವಲ್ ನಡೆಸಿ ದುಡ್ಡು ಮಾಡುವುದು ಕಷ್ಟ, ಪ್ರಾಯೋಜಕರನ್ನು ಪ್ರತಿ ವರ್ಷ ಹೊಸದಾಗಿ ಹುಡುಕಬೇಕು. ರಂಗಾಯನ್ ತಮ್ಮ 'ಈವ್ನಿಂಗ್ ಶ್ಯಾಡೋಸ್' ಸಿನಿಮಾವನ್ನು ಜನರಿಂದ ಹಣ ಕೂಡಿಸಿಯೇ ಮಾಡಬೇಕಾಯಿತು. ಚಿಕ್ಕ ಊರಿನ ತಾಯಿಗೆ ಮಗ ತಾನು ಗೇ ಅಂತ ಹೇಳುವ ಕಥೆ ಅದು. 377ನೇ ಸೆಕ್ಷನ್ ಜನರಿಗೆ ಏನು ಮಾಡಿತು ಅಂತ ಹೇಳುವ ಅವರ 'ಬ್ರೇಕಿಂಗ್ ಫ್ರೀ' ಸಾಕ್ಷ್ಯಚಿತ್ರದ ಸಂಕಲನಕ್ಕೆ 63ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಬಂತು. ಪ್ರಶಸ್ತಿ ಬಂದರೂ ಮುಂದಿನ ವರ್ಷದ ಹಾಲ್ ಬಾಡಿಗೆ ತಪ್ಪುವುದಿಲ್ಲ.

ಆದ್ದರಿಂದ ನಿಮ್ಮ ಅಣ್ಣನ ಮಗಳು ಎಂಜಿನಿಯರಿಂಗ್ ಈಗಲೇ ಬಿಡೋದು ಬೇಡ. ಮೊದಲು ಒಂದೆರಡು ವರ್ಷ ಯಾವುದಾದರೂ ಫೆಸ್ಟಿವಲ್‌ಗೆ ವಾಲಂಟಿಯರ್ ಆಗಿ ಹೋಗಲಿ. ಬ್ಯಾಡ್ಜ್ ಹಂಚಲಿ, ವಿನಾಯಿತಿ ಅರ್ಜಿ ಹೇಗೆ ಬರೆಯುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಲಿ, ಸಿನಿಮಾ ಮಾಡಿದವರ ಒಪ್ಪಿಗೆ ಕಾಗದದಲ್ಲಿ ತೆಗೆದುಕೊಳ್ಳೋದು ಕಲಿಯಲಿ. ಅದಕ್ಕೆ ಮುಂಬೈಗೇ ಹೋಗಬೇಕಾಗಿಲ್ಲ, ಬೆಂಗಳೂರು ನಿಮಗೆ ರೈಲಿನಲ್ಲಿ ಎರಡು ಗಂಟೆ. ಮೊದಲ ಸಲ ನೀವೇ ಜೊತೆಗೆ ಹೋಗಿ ಸರ್, ಒಂದು ಬ್ಯಾಡ್ಜ್ ನಿಮ್ಮ ಹೆಸರಲ್ಲೂ ಮಾಡಿಸಿಕೊಳ್ಳಿ.

— ಸಂಪಾದಕ