ಗುಣವಾಗುವ ಮೊದಲೇ ಹೇಳಿಸಿದ ಸಾಕ್ಷಿ

ಪ್ರಾರ್ಥನಾ ಕೂಟದಲ್ಲಿ ಎಲ್ಲರೆದುರು ‘ಗುಣವಾಯಿತು’ ಎಂದು ಸಾಕ್ಷಿ ಹೇಳಿ, ಔಷಧಿ ನಿಲ್ಲಿಸಿ, ಕಾಯಿಲೆ ಮರುಕಳಿಸಿದಾಗ ಅದನ್ನು ಯಾರ ಬಳಿಯೂ ಹೇಳಿಕೊಳ್ಳಲಾರದೆ ನವೆಯುವವರು ಮಂಗಳೂರು, ಉಡುಪಿಯ ಕ್ರೈಸ್ತ ಮನೆಗಳಿಂದ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿದ್ದಾರೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ರಕ್ತದೊತ್ತಡ, ಮತ್ತೊಬ್ಬರಿಗೆ ಮಾನಸಿಕ ಕಾಯಿಲೆ; ಕಾಯಿಲೆ ಬೇರೆಯಾದರೂ ಅವರನ್ನು ಕಟ್ಟಿಹಾಕಿರುವ ಬೋಧನೆ ಒಂದೇ. ಅವರಲ್ಲೊಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆದಿದ್ದೇನೆ.

ಅವರನ್ನು ಸುಜಾತಾ ಎಂದು ಕರೆಯುತ್ತೇನೆ. ಉಡುಪಿ ಕಡೆಯವರು, ಮೂವತ್ತರ ಸಮೀಪದವರು, ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರು. ಹೈಸ್ಕೂಲಿನ ದಿನಗಳಿಂದ ಫಿಟ್ಸ್, ಅಂದರೆ ಮೂರ್ಛಾರೋಗ, ಇತ್ತು, ಮಾತ್ರೆಯಿಂದ ಹತೋಟಿಯಲ್ಲಿತ್ತು. ಮದುವೆಯ ಮಾತುಕತೆ ಇದೇ ಕಾರಣಕ್ಕೆ ಮುರಿದುಬಿದ್ದ ಮೇಲೆ ತಾಯಿ ಅವರನ್ನು ಒಂದು ಸ್ವತಂತ್ರ ಪ್ರಾರ್ಥನಾ ಕೂಟಕ್ಕೆ ಕರೆದೊಯ್ದರು. ಅಲ್ಲಿನ ಪಾಸ್ಟರ್ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಇದು ದುರಾತ್ಮದ ಕಾಟವಾಗಿತ್ತು, ಈಗ ಬಿಟ್ಟುಹೋಗಿದೆ, ಇನ್ನು ಮಾತ್ರೆ ನುಂಗುವುದೆಂದರೆ ದೇವರನ್ನು ನಂಬದಿರುವುದೆಂದೇ ಅರ್ಥ ಎಂದರು. ಮುಂದಿನ ಕೂಟದಲ್ಲಿ ಸುಜಾತಾ ವೇದಿಕೆಯ ಮೇಲೆ ನಿಂತು ಸಾಕ್ಷಿ ಹೇಳಿದರು. ಅದರ ವಿಡಿಯೊ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ ಹೊಲಿಗೆ ಹಾಕಿಸಬೇಕಾಯಿತು. ಕಾಲು ಜಾರಿ ಬಿದ್ದಳೆಂದು ಮನೆಯವರು ಕೂಟದವರಿಗೆ ಹೇಳಿದರು. ಅದಾದ ಮೇಲೂ ಮಾತ್ರೆ ಶುರುವಾಗಲಿಲ್ಲ.

ಮೊದಲ ಭೇಟಿಯಲ್ಲಿ ಮಾತನಾಡಿದ್ದೆಲ್ಲ ತಾಯಿಯೇ. ಎರಡನೆಯ ಭೇಟಿಗೆ ಸುಜಾತಾ ಒಬ್ಬರೇ ಬಂದರು. ಔಷಧಿಯನ್ನು ಹಠಾತ್ತನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾದೀತು ಎಂದು ನಾನು ವಿವರಿಸತೊಡಗಿದಾಗ ಅವರು ನನ್ನನ್ನು ತಡೆದು ಹೇಳಿದರು: “ಮೇಡಂ, ಅದೆಲ್ಲ ನನಗೆ ಗೊತ್ತಿಲ್ಲದ್ದಲ್ಲ, ಡಾಕ್ಟರು ಎಂದೋ ಹೇಳಿದ್ದಾರೆ. ಆದರೆ ಗುಣವಾಯಿತು ಎಂದು ಅಷ್ಟು ಜನರ ಮುಂದೆ ಹೇಳಿದವಳು ನಾನೇ ಅಲ್ಲವೇ? ಈಗ ಮಾತ್ರೆ ತೆಗೆದುಕೊಂಡರೆ ದೇವರನ್ನೇ ಸುಳ್ಳುಗಾರನನ್ನಾಗಿ ಮಾಡಿದ ಹಾಗಾಗುವುದಿಲ್ಲವೇ?”

ಆ ಮಾತಿನಿಂದ ಪ್ರಕರಣದ ತಿರುಳು ನನಗೆ ಕಂಡಿತು. ಅವರಲ್ಲಿ ತಿಳಿವಳಿಕೆಯ ಕೊರತೆಯಿರಲಿಲ್ಲ, ವೈದ್ಯರ ಮೇಲೆ ಅಪನಂಬಿಕೆಯೂ ಇರಲಿಲ್ಲ. ದೇವರ ಮರ್ಯಾದೆಯನ್ನು ಕಾಯುವ ಹೊಣೆಯನ್ನು ಒಬ್ಬ ರೋಗಿಯ ತಲೆಗೆ ಕಟ್ಟಲಾಗಿತ್ತು, ಅವರು ಪ್ರಾಣ ಪಣಕ್ಕಿಟ್ಟು ಅದನ್ನು ನಿಭಾಯಿಸುತ್ತಿದ್ದರು. ಗುಣವಾಗಿದೆಯೆಂದು ಆ ದಿನ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಗೊತ್ತಾಗುವ ಮೊದಲೇ ಬಾಯಿಂದ ಅರಿಕೆ ಮಾಡುವುದೇ ನಂಬಿಕೆ, ಅರಿಕೆ ಮಾಡಿದ ಮೇಲೆಯೇ ಗುಣವಾಗುವುದು ಎಂದು ಪಾಸ್ಟರ್ ಕಲಿಸಿದ್ದರಂತೆ. ಅದಕ್ಕೆ ಪಾಸ್ಟರ್ ಕೊಟ್ಟ ಆಧಾರ, ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ (ಪತ್ರದ) ಹತ್ತನೆಯ ಅಧ್ಯಾಯ. ಆ ಅಧ್ಯಾಯದಲ್ಲಿ ಪೌಲನು ಬಾಯಿಂದ ಅರಿಕೆ ಮಾಡಬೇಕೆಂದಿರುವುದು ಯೇಸುವೇ ಕರ್ತನೆಂಬುದನ್ನು. ದೇಹದ ಕಾಯಿಲೆಯ ಮಾತು ಅಲ್ಲಿ ಇಲ್ಲವೇ ಇಲ್ಲ. ಬಾಯಿಂದ ಹೇಳಿದ್ದು ಕೈಸೇರುತ್ತದೆಂಬ ಈ ಬೋಧನೆ 1834ರಲ್ಲಿ ಮಂಗಳೂರಿಗೆ ಬಂದ ಪ್ರಾಟೆಸ್ಟೆಂಟ್ ಮಿಷನರಿಗಳಾದ ಬಾಸೆಲ್ ಮಿಷನ್ನಿನವರು ತಂದದ್ದಲ್ಲ. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಇ. ಡಬ್ಲ್ಯು. ಕೆನ್ಯನ್, ಕೆನೆತ್ ಹೇಗಿನ್ ಮೊದಲಾದ ಬೋಧಕರ ಮೂಲಕ ಬೆಳೆದು, ಟಿವಿ ಪ್ರಸಂಗಗಳ ದಾರಿಯಲ್ಲಿ ಲೋಕವೆಲ್ಲ ಹಬ್ಬಿದ್ದು.

ಆದರೆ ನಾನು ಇತಿಹಾಸ ಹೇಳಲು ಹೋಗಲಿಲ್ಲ. ಅವರ ಚೀಲದಲ್ಲಿದ್ದ ಬೈಬಲನ್ನು ತೆಗೆಸಿ, ಮಾರ್ಕನ ಸುವಾರ್ತೆಯ ಎಂಟನೆಯ ಅಧ್ಯಾಯದ ಬೇತ್ಸಾಯಿದದ ಕುರುಡನ ಭಾಗವನ್ನು ಗಟ್ಟಿಯಾಗಿ ಓದಲು ಹೇಳಿದೆ. ಯೇಸು ಅವನ ಮೇಲೆ ಕೈಯಿಟ್ಟು, ನಿನಗೆ ಏನಾದರೂ ಕಾಣಿಸುತ್ತದೆಯೋ ಎಂದು ಕೇಳುತ್ತಾನೆ. ಅವನು ‘ಗುಣವಾಯಿತು’ ಎನ್ನುವುದಿಲ್ಲ. ಜನ ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಕಾಣುತ್ತಾರೆ ಎಂದು ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತಾನೆ. ಯೇಸು ಅವನ ನಂಬಿಕೆ ಸಾಲದೆಂದು ಗದರಿಸುವುದಿಲ್ಲ, ಮತ್ತೊಮ್ಮೆ ಕೈಯಿಡುತ್ತಾನೆ. ಸುಜಾತಾ ಆ ಭಾಗವನ್ನು ಇನ್ನೊಮ್ಮೆ ತಾವಾಗಿಯೇ ಓದಿದರು. ಬಳಿಕ, “ಹಾಗಾದರೆ ಪೂರ್ತಿ ಕಾಣಿಸುತ್ತಿಲ್ಲ ಎಂದು ಯೇಸುವಿನ ಮುಖಕ್ಕೇ ಹೇಳಬಹುದು” ಎಂದರು. ಹೇಳಬಹುದು ಎಂದೆ. ಕುಷ್ಠರೋಗಿಯನ್ನು ಗುಣಪಡಿಸಿದ ಮೇಲೆ, ಹೋಗಿ ಯಾಜಕನಿಗೆ (ದೇವಾಲಯದ ಪುರೋಹಿತನಿಗೆ) ಮೈತೋರಿಸು ಎಂದು ಯೇಸುವೇ ಕಳುಹಿಸಿದ್ದನ್ನೂ ನೆನಪಿಸಿದೆ. ಆ ಕಾಲದಲ್ಲಿ ಕುಷ್ಠ ವಾಸಿಯಾಗಿದೆಯೇ ಎಂದು ಪರೀಕ್ಷಿಸಿ ಹೇಳಬೇಕಾದವನು ಯಾಜಕನೇ. ದೇವರು ನಿಜವಾಗಿ ಗುಣಪಡಿಸಿದ್ದರೆ ಅದು ನರರೋಗ ತಜ್ಞರ ಪರೀಕ್ಷೆಗೆ ಅಂಜಬೇಕಾಗಿಲ್ಲ ಎಂದೆ.

ದುರಾತ್ಮದ ಪ್ರಶ್ನೆಯನ್ನೂ ಅವರು ಎತ್ತಿದರು. ಮತ್ತಾಯನ ಹದಿನೇಳನೆಯ ಅಧ್ಯಾಯದಲ್ಲಿ ಮೂರ್ಛಾರೋಗದ ಹುಡುಗನಿಂದ ಯೇಸು ದೆವ್ವವನ್ನು ಬಿಡಿಸುವುದು ನಿಜ, ಅದನ್ನು ನಾನು ಮರೆಮಾಚಲಿಲ್ಲ. ಆದರೆ ಅದೇ ಸುವಾರ್ತೆಯ ನಾಲ್ಕನೆಯ ಅಧ್ಯಾಯ ದೆವ್ವ ಹಿಡಿದವರನ್ನೂ ಮೂರ್ಛಾರೋಗಿಗಳನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. ಫಿಟ್ಸ್ ಬಂದವರಿಗೆಲ್ಲ ದೆವ್ವ ಹಿಡಿದಿದೆ ಎನ್ನಲು ಬೈಬಲಿನಲ್ಲಿ ಆಧಾರವಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು, ಅಂದೇ ವೈದ್ಯರನ್ನು ಕಂಡು ಮಾತ್ರೆ ಯಾವಾಗ ನಿಂತಿತೆಂಬುದನ್ನು ಮುಚ್ಚಿಡದೆ ಹೇಳುವುದು. ಉಳಿದ ಮಾತ್ರೆಗಳನ್ನು ಹಳೆಯ ಪ್ರಮಾಣದಲ್ಲಿ ತಾವಾಗಿ ಶುರುಮಾಡಬಾರದೆಂದೂ ಹೇಳಿದೆ, ಏಕೆಂದರೆ ಕೆಲವು ಔಷಧಿಗಳನ್ನು ಮತ್ತೆ ಕಡಿಮೆ ಪ್ರಮಾಣದಿಂದಲೇ ಏರಿಸಿಕೊಂಡು ಬರಬೇಕಾಗುತ್ತದೆ. ತಾಯಿಯನ್ನು ಕರೆದು, ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದನ್ನೂ ಬಾಯಿಗೆ ಚಮಚ ತುರುಕುವುದನ್ನೂ ಬಿಟ್ಟು ಮಗಳನ್ನು ಮಗ್ಗುಲಿಗೆ ಹೊರಳಿಸಬೇಕು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸಬೇಕು, ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಬಾರದು, ಒಬ್ಬಳೇ ಬಾವಿಯಿಂದ ನೀರು ಸೇದಬಾರದು ಎಂದು ತಿಳಿಸಿದೆ. ಕೂಟವನ್ನು ಬಿಡಬೇಕೆಂದು ನಾನು ಹೇಳಲಿಲ್ಲ. ಸಾಕ್ಷಿಯನ್ನು ಎಲ್ಲರೆದುರು ಹಿಂತೆಗೆದುಕೊಳ್ಳಬೇಕೆಂದೂ ಒತ್ತಾಯಿಸಲಿಲ್ಲ. ಆದರೆ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಪಾಸ್ಟರಿಗೆ ತಿಳಿಸಬೇಕು, ತಿಳಿಸುವಾಗ ಜೊತೆಗೆ ಯಾರಾದರೂ ಇರಬೇಕು ಎಂದೆ.

ಈ ಸಲಹೆಗೆ ಎರಡು ಕಡೆಯಿಂದ ಆಕ್ಷೇಪ ಬಂದಿದೆ. ಆಪ್ತಸಲಹೆಗಾರರು ಧರ್ಮಬೋಧನೆಯ ವಿಚಾರಕ್ಕೆ ಕೈಹಾಕಬಾರದು, ವೈದ್ಯರ ಬಳಿ ಕಳುಹಿಸಿದರೆ ಸಾಕಿತ್ತು ಎಂದು ನನ್ನ ವೃತ್ತಿಯವರೇ ಕೆಲವರು ಹೇಳಿದರು. ಸುಜಾತಾ ವೈದ್ಯರ ಬಳಿ ಹೋಗುತ್ತಿದ್ದರು, ಚೀಟಿ ಬರೆಸಿಕೊಳ್ಳುತ್ತಿದ್ದರು, ಮಾತ್ರೆಯನ್ನು ಮಾತ್ರ ನುಂಗುತ್ತಿರಲಿಲ್ಲ; ಅವರನ್ನು ತಡೆದದ್ದು ಒಂದು ಬೋಧನೆ, ಅದನ್ನು ಮುಟ್ಟದೆ ಬೇರೆಲ್ಲವನ್ನೂ ಮುಟ್ಟುವುದು ಸಲಹೆಯೆನಿಸದು. ಇನ್ನೊಂದು ಕಡೆ, ರೋಗಶಾಂತಿಯ ಪ್ರಾರ್ಥನೆಯನ್ನೇ ನಾನು ಹೀಗಳೆದೆನೆಂದು ವಿಶ್ವಾಸಿಗಳು ನೊಂದುಕೊಂಡರು. ನಾನು ಹೀಗಳೆದಿಲ್ಲ. ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂಬ ಬೈಬಲಿನ ಯಾಕೋಬನ ಪತ್ರಿಕೆಯ ಮಾತನ್ನು ನಾನೂ ನಂಬುತ್ತೇನೆ, ರೋಗಿಗಳೊಂದಿಗೆ ಪ್ರಾರ್ಥಿಸುತ್ತೇನೆ. ಅದೇ ಹೊಸ ಒಡಂಬಡಿಕೆಯಲ್ಲಿ ಪೌಲನು ತನ್ನ ಜೊತೆಗಾರ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸವನ್ನು ಸೂಚಿಸುತ್ತಾನೆ, ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿದ್ದ ಹಾಗೆಯೇ ಮಿಲೇತದಲ್ಲಿ ಬಿಟ್ಟುಬರುತ್ತಾನೆ, ತಾನು ‘ಶರೀರದ ಮುಳ್ಳು’ ಎಂದು ಕರೆದ ಬಾಧೆ ತೊಲಗಲೆಂದು ಮೂರು ಸಾರಿ ಬೇಡಿಕೊಂಡು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಪಡೆಯುತ್ತಾನೆ. ಇವರ ನಂಬಿಕೆ ಕಡಿಮೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಔಷಧಿ ಕೊಡತೊಡಗಿದ್ದೂ, ಉಡುಪಿಯಲ್ಲಿ 1923ರಲ್ಲಿ ಡಾ. ಇವಾ ಲೊಂಬಾರ್ಡ್ ಮಿಷನ್ ಆಸ್ಪತ್ರೆಯನ್ನು ಆರಂಭಿಸಿದ್ದೂ ದೇವರನ್ನು ನಂಬಿಯೇ.

ನಮ್ಮ ಹಳೆಯ ಸಭೆಗಳಿಗೂ (ಚರ್ಚುಗಳಿಗೂ) ಒಂದು ಮಾತು ಹೇಳಬೇಕು. ಸುಜಾತಾ ಹುಟ್ಟಿ ಬೆಳೆದ ಸಭೆಯಲ್ಲಿ ಅವರ ಫಿಟ್ಸ್ ವಿಷಯ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೊಬ್ಬರೂ ಅದನ್ನು ಹೆಸರಿಸಿ ಪ್ರಾರ್ಥಿಸಿದವರಲ್ಲ. ಸಂಬಂಧ ಕೇಳಲು ಬಂದವರ ಕಿವಿಗೆ ಹಾಕಿದವರು ಮಾತ್ರ ಅಲ್ಲಿಯವರೇ. ಅವರ ತಲೆಯ ಮೇಲೆ ಹಿಂಜರಿಯದೆ ಕೈಯಿಟ್ಟವರು ಆ ಕೂಟದವರೇ ಮೊದಲು. ಸುಳ್ಳು ಬೋಧಕರ ವಿರುದ್ಧ ಪ್ರಸಂಗ ಮಾಡುವ ಸಭಾಪಾಲಕರು, ತಮ್ಮ ಸಭೆಯ ರೋಗಿಗಳ ಮನೆಗೆ ಕೊನೆಯ ಸಲ ಹೋದದ್ದು ಯಾವಾಗ ಎಂಬುದನ್ನೂ ಯೋಚಿಸಲಿ ಎಂದು ಕೇಳಿಕೊಳ್ಳುತ್ತೇನೆ.

ಸುಜಾತಾ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಫಿಟ್ಸ್ ಮತ್ತೆ ಹತೋಟಿಗೆ ಬಂದಿದೆ. ಚಿಕ್ಕಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ ಪಾಸ್ಟರಿಗೆ ವಿಷಯ ತಿಳಿಸಿದರು. ನಿನ್ನ ನಂಬಿಕೆ ಅರ್ಧಕ್ಕೇ ನಿಂತಿತು ಎಂದು ಅವರು ಉತ್ತರಿಸಿದರಂತೆ. ಅದಕ್ಕೆ ಸುಜಾತಾ ಬೇತ್ಸಾಯಿದದವನ ಭಾಗವನ್ನು ತೆಗೆದು ತೋರಿಸಿದರು. ಆ ಕೂಟಕ್ಕೆ ಈಗ ಅವರು ಹೋಗುತ್ತಿಲ್ಲ, ತಾಯಿ ಹೋಗುತ್ತಿದ್ದಾರೆ. ವಿಡಿಯೊವನ್ನು ಅಳಿಸಬೇಕೆಂದು ಲಿಖಿತವಾಗಿ ಕೇಳಿದ್ದರೂ ಅದು ಇನ್ನೂ ಹರಿದಾಡುತ್ತಿದೆ. ಅದನ್ನು ನೋಡಿ ತಮ್ಮ ಮಗನ ಮಾತ್ರೆ ನಿಲ್ಲಿಸಲು ಹೊರಟಿದ್ದ ದಂಪತಿ ಸುಜಾತಾ ಅವರಿಗೇ ಫೋನ್ ಮಾಡಿದಾಗ, ನಿಲ್ಲಿಸಬೇಡಿ, ನನಗೆ ಗುಣವಾಗಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ.