ಪ್ರತಿಕ್ರಿಯೆ: ಇಬ್ಬರು ಚೆನ್ನಮ್ಮರು ಮತ್ತು ಡಾಲ್‌ಹೌಸಿಯ ಗೊಂದಲ
ನಿಮ್ಮ ಪ್ರಶ್ನೆಗಳು ಎರಡು: ಕೆಳದಿಯ ಚೆನ್ನಮ್ಮ, ಕಿತ್ತೂರಿನ ಚೆನ್ನಮ್ಮ ಒಬ್ಬರೇನಾ? ಕಿತ್ತೂರಿನ ರಾಣಿ ಹೋರಾಡಿದ್ದು ಡಾಲ್‌ಹೌಸಿಯ ವಿರುದ್ಧವೇ?

ಒಬ್ಬರಲ್ಲ, ನಡುವೆ ಶತಮಾನಕ್ಕೂ ಹೆಚ್ಚಿನ ಅಂತರವಿದೆ. ಕೆಳದಿಯವಳು ಸೋಮಶೇಖರ ನಾಯಕನ ಪತ್ನಿ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ತಮಿಳುನಾಡಿನ ಜಿಂಜಿ ಕೋಟೆಗೆ ಹೊರಟಿದ್ದಾಗ ಅವನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡವಳು. ಬ್ರಿಟಿಷರಿಗೂ ಅವಳಿಗೂ ಯುದ್ಧವೇ ಇಲ್ಲ.

ಎರಡನೆಯ ಪ್ರಶ್ನೆಗೂ ಉತ್ತರ ‘ಇಲ್ಲ’ ಎಂದೇ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದು 1848ರಲ್ಲಿ. ಕಿತ್ತೂರಿನ ಯುದ್ಧ 1824ರದ್ದು, ಆಗ ಆ ಹುದ್ದೆಯಲ್ಲಿದ್ದವನು ಆಮ್‌ಹರ್ಸ್ಟ್. ದತ್ತುಪುತ್ರನಿಗೆ ಹಕ್ಕಿಲ್ಲ ಎಂಬ ಬ್ರಿಟಿಷರ ವಾದ ಕಿತ್ತೂರಿನಲ್ಲೂ, ಮುಂದೆ ಡಾಲ್‌ಹೌಸಿ ಕಬಳಿಸಿದ ಝಾನ್ಸಿಯಲ್ಲೂ ಒಂದೇ ಆದ್ದರಿಂದ ಝಾನ್ಸಿಯ ಕಥೆಯನ್ನು ಇಲ್ಲಿಗೂ ಅಂಟಿಸಿಬಿಡುತ್ತಾರೆ. ಭಾಷಣಗಳಲ್ಲಂತೂ ಇದು ತಪ್ಪುವುದೇ ಇಲ್ಲ!

ಇನ್ನೊಂದು ಸೂಕ್ಷ್ಮ: ಕಿತ್ತೂರಿನ ವಾರಸುದಾರನಾಗಿ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿದ್ದು ಚೆನ್ನಮ್ಮನಲ್ಲ, ಅವಳ ಮಲಮಗ, ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ, ಸಾಯುವ ಹೊತ್ತಿನಲ್ಲಿ. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪದೆ ಖಜಾನೆಗೆ ಕೈಹಾಕಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಸತ್ತ. ಕೋಟೆ ಬಿದ್ದದ್ದು ಡಿಸೆಂಬರ್‌ನಲ್ಲಿ, ಎರಡನೇ ದಾಳಿಗೆ. ರಾಣಿ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು.