ಅಡ್ವಾನ್ಸ್ಡ್ ವೈರ್‌ಲೆಸ್ ಎಲ್ಲಿಂದ ಶುರು ಮಾಡಬೇಕು? ಮೊದಲು ಚಾನೆಲ್, ಆಮೇಲೆ 5ಜಿ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಎಂ.ಟೆಕ್ ಮೊದಲ ಸೆಮಿಸ್ಟರ್, ಅಡ್ವಾನ್ಸ್ಡ್ ವೈರ್‌ಲೆಸ್ ಕಮ್ಯುನಿಕೇಶನ್ ಪೇಪರ್. ಮೇಷ್ಟ್ರು ಆಗಲೇ ಮೈಮೋಗೆ (ಎರಡೂ ಕಡೆ ಹಲವು ಆಂಟೆನಾ ಬಳಸುವ ವಿಧಾನ) ಹೋಗಿಬಿಟ್ಟಿದ್ದಾರೆ, ನಿಮಗೆ ಫೇಡಿಂಗ್ (ದಾರಿಯಲ್ಲಿ ಸಿಗ್ನಲ್ ಏರಿಳಿಯುವುದು) ಇನ್ನೂ ಅರ್ಧಂಬರ್ಧ. ಮ್ಯಾಟ್‌ಲ್ಯಾಬ್ ಬೇಕೇ ಬೇಕಾ, ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸುವ ಸಾಫ್ಟ್‌ವೇರ್ ರೇಡಿಯೋ) ಕೊಳ್ಳಲಾ, ಗಣಿತ ಎಷ್ಟು ಬೇಕು ಎಂದು ಕೇಳಿದ್ದೀರಿ. ಮೇಲೆ ಒಬ್ಬರು 5ಜಿ ವಿಡಿಯೋ ಸರಣಿ ನೋಡಿ ಅಂದಿದ್ದಾರೆ. ನಾನು ಅದಕ್ಕೆ ಉಲ್ಟಾ ಹೇಳುತ್ತೇನೆ. 5ಜಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಈ ಪೇಪರಿನಲ್ಲಿ ಬರುವ ಪ್ರತಿಯೊಂದು ಉಪಾಯವೂ ಚಾನೆಲ್ (ಟ್ರಾನ್ಸ್‌ಮಿಟರ್‌ನಿಂದ ರಿಸೀವರ್‌ವರೆಗಿನ ದಾರಿ) ಕೊಡುವ ಯಾವುದೋ ಒಂದು ಕಾಟಕ್ಕೆ ಹುಡುಕಿದ ಮದ್ದು. ಕಾಟ ಏನು ಅಂತ ಗೊತ್ತಿಲ್ಲದೆ ಮದ್ದಿನ ಹೆಸರು ಓದಿದರೆ ಬರೀ ಬಾಯಿಪಾಠ ಆಗುತ್ತದೆ. ಹಾಗಾಗಿ ಮೊದಲು ಒಂದೇ ಒಂದು ಲಿಂಕ್ ತೆಗೆದುಕೊಂಡು ಅದನ್ನು ನೀವೇ ಕೋಡ್ ಬರೆದು ಓಡಿಸಿ.

ಪೈಥಾನ್ ಮತ್ತು ಅದರ ಲೆಕ್ಕದ ಲೈಬ್ರರಿ ನಂಪೈ ಸಾಕು. ಸೊನ್ನೆ, ಒಂದರ ಬಿಟ್‌ಗಳನ್ನು -1, +1 ಮಾಡಿ. ಇದೇ ಬಿಪಿಎಸ್‌ಕೆ, ಅತಿ ಸರಳ ಮಾಡ್ಯುಲೇಶನ್. ನಾಯ್ಸ್ ಸೇರಿಸಿ. ಬಂದದ್ದು ಪಾಸಿಟಿವ್ ಇದೆಯಾ ನೆಗೆಟಿವ್ ಇದೆಯಾ ನೋಡಿ ಬಿಟ್ ತೀರ್ಮಾನಿಸಿ, ಎಷ್ಟು ತಪ್ಪಾಯಿತು ಎಣಿಸಿ. ಸಾವಿರಕ್ಕೆ ಒಂದು ಬಿಟ್ ತಪ್ಪು ಅನ್ನುವ ಮಟ್ಟ ಸುಮಾರು 6.8 ಡಿಬಿ ಎಸ್‌ಎನ್‌ಆರ್‌ಗೆ (ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಎಷ್ಟು ಪಟ್ಟು ಅನ್ನುವುದು; ಡಿಬಿ ಅದರ ಲಾಗ್ ಮಾಪನ, 10 ಡಿಬಿ ಅಂದರೆ ಹತ್ತು ಪಟ್ಟು) ಸಿಗಬೇಕು. ಈಗ ನಾಯ್ಸ್ ಸೇರಿಸುವ ಮೊದಲು ಪ್ರತಿ ಬಿಟ್ಟನ್ನೂ ಒಂದು ರ‍್ಯಾಂಡಮ್ ಕಾಂಪ್ಲೆಕ್ಸ್ ಸಂಖ್ಯೆಯಿಂದ ಗುಣಿಸಿ. ಅದು ರೇಲೀ ಫೇಡಿಂಗ್. ರಿಸೀವರ್‌ಗೆ ಆ ಸಂಖ್ಯೆ ಗೊತ್ತಿದೆ ಅಂತಲೇ ಇಟ್ಟುಕೊಳ್ಳಿ. ಆದರೂ ಅದೇ ಸಾವಿರಕ್ಕೆ ಒಂದು ತಪ್ಪಿಗೆ ಈಗ ಸುಮಾರು 24 ಡಿಬಿ ಬೇಕು! ಅಂದರೆ ಐವತ್ತು ಪಟ್ಟು ಜಾಸ್ತಿ ಪವರ್. ಲಕ್ಷಕ್ಕೆ ಒಂದು ತಪ್ಪು ಬೇಕೆಂದರೆ 9.6 ಡಿಬಿ ಹೋಗಿ 44 ಡಿಬಿ ಆಗುತ್ತದೆ. ಅಷ್ಟು ಪವರ್ ಯಾರು ಕೊಡುತ್ತಾರೆ?

ಎಸ್‌ಎನ್‌ಆರ್ ಬದಲಿಸುತ್ತಾ ತಪ್ಪಿನ ಪ್ರಮಾಣದ ಗ್ರಾಫ್ ಬಿಡಿಸಿ, ಅದನ್ನು ಚೆನ್ನಾಗಿ ನೋಡಿ. ತಪ್ಪುಗಳು ನಾಯ್ಸ್ ಜಾಸ್ತಿ ಆಗಿದ್ದರಿಂದ ಬರುತ್ತಿಲ್ಲ. ಚಾನೆಲ್ ಆಗಾಗ ಪಾತಾಳಕ್ಕೆ ಇಳಿಯುತ್ತದೆ, ತಪ್ಪೆಲ್ಲ ಹೆಚ್ಚುಕಡಿಮೆ ಆಗಲೇ ಆಗುವುದು. ಹಾಗೆ ಇಳಿಯುವ ಸಾಧ್ಯತೆ ಎಸ್‌ಎನ್‌ಆರ್‌ಗೆ ವಿಲೋಮವಾಗಿ ಮಾತ್ರ ಕಡಿಮೆಯಾಗುತ್ತದೆ. ಇನ್ನೊಂದು ಆಂಟೆನಾ ಇಟ್ಟರೆ ತಪ್ಪಾಗಲು ಎರಡೂ ಒಟ್ಟಿಗೆ ಇಳಿಯಬೇಕು, ಆ ಸಾಧ್ಯತೆ ಎಸ್‌ಎನ್‌ಆರ್‌ನ ವರ್ಗಕ್ಕೆ ವಿಲೋಮ. ಎರಡು ರಿಸೀವ್ ಆಂಟೆನಾ ಹಾಕಿ ಎಂಆರ್‌ಸಿ (ಬಲವಾದ ಸಿಗ್ನಲ್‌ಗೆ ಹೆಚ್ಚು ತೂಕ ಕೊಟ್ಟು ಎರಡನ್ನೂ ಕೂಡಿಸುವುದು) ಮಾಡಿದರೆ 24 ಡಿಬಿ ಇದ್ದದ್ದು ಸುಮಾರು 11ಕ್ಕೆ ಬರುತ್ತದೆ. ಡೈವರ್ಸಿಟಿ ಅಂದರೆ ಇಷ್ಟೇ. 1998ರಲ್ಲಿ ಅಲಮೌಟಿ ಎಂಬ ಸಂಶೋಧಕ ತೋರಿಸಿದ್ದು, ಆಂಟೆನಾ ಎರಡೂ ಟ್ರಾನ್ಸ್‌ಮಿಟರ್ ಕಡೆ ಇದ್ದರೂ, ಅದಕ್ಕೆ ಚಾನೆಲ್ ಗೊತ್ತಿಲ್ಲದಿದ್ದರೂ ಇದೇ ಲಾಭ ಪಡೆಯಬಹುದು ಎಂದು. ಪವರ್ ಎರಡು ಆಂಟೆನಾಗೆ ಹಂಚಿಹೋಗುವುದರಿಂದ 3 ಡಿಬಿ ನಷ್ಟ, ಅಷ್ಟೇ. ಪರೀಕ್ಷೆಯಲ್ಲಿ ಇದರ ಡಿರೈವೇಶನ್ ಕೇಳಿಯೇ ಕೇಳುತ್ತಾರೆ. ಒಮ್ಮೆ ಕೋಡ್ ಬರೆದವರಿಗೆ ಅದು ಒಂದು ಪುಟದ ಕೆಲಸ.

ಸಿಮ್ಯುಲೇಶನ್‌ನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಕಾಂಪ್ಲೆಕ್ಸ್ ನಾಯ್ಸ್ ಮಾಡುವಾಗ ರಿಯಲ್, ಇಮ್ಯಾಜಿನರಿ ಎರಡು ಭಾಗ ಸೇರಿಸಿ ವರ್ಗಮೂಲ 2ರಿಂದ ಭಾಗಿಸಬೇಕು. ಮರೆತರೆ ಗ್ರಾಫ್ 3 ಡಿಬಿ ಬಲಕ್ಕೆ ಸರಿಯುತ್ತದೆ. ಚಾನೆಲ್‌ಗೆ ಅದೇ ಭಾಗಾಕಾರ ಮರೆತರೆ 3 ಡಿಬಿ ಎಡಕ್ಕೆ. ಎರಡನ್ನೂ ಮರೆತರೆ ಒಂದಕ್ಕೊಂದು ವಜಾ ಆಗಿ ರೇಲೀ ಗ್ರಾಫ್ ಸರಿಯಾಗಿಯೇ ಕಾಣುತ್ತದೆ! ಅದಕ್ಕೇ ಫೇಡಿಂಗ್ ಇಲ್ಲದ ಗ್ರಾಫನ್ನು ಮೊದಲು ಸೂತ್ರದ ಜೊತೆ ತಾಳೆ ನೋಡಬೇಕು. ಇನ್ನೊಂದು, ಪ್ರತಿ ಬಿಂದುವಿಗೂ ನೂರಾದರೂ ತಪ್ಪು ಬರುವವರೆಗೆ ಓಡಿಸಿ. ಲಕ್ಷಕ್ಕೆ ಒಂದರ ಮಟ್ಟಕ್ಕೆ ಅಂದರೆ ಒಂದು ಕೋಟಿ ಬಿಟ್. ಹತ್ತು ಸಾವಿರ ಬಿಟ್ ಓಡಿಸಿ ಗ್ರಾಫ್ ಅಂಕುಡೊಂಕಾಗಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಇದರ ಜೊತೆಗೆ ಕೆಲವು ಅಂಕಿ ಬಾಯಲ್ಲಿ ಇರಲಿ. ಕೋಣೆಯ ತಾಪಮಾನದಲ್ಲಿ ನಾಯ್ಸ್ ಹರ್ಟ್ಸ್‌ಗೆ -174 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ), 20 ಮೆಗಾಹರ್ಟ್ಸ್ ಅಗಲಕ್ಕೆ ಅದು -101. 700 ಮೆಗಾಹರ್ಟ್ಸ್‌ಗೆ ಹೋಲಿಸಿದರೆ 3.5 ಗಿಗಾಹರ್ಟ್ಸ್‌ನಲ್ಲಿ ಫ್ರೀ ಸ್ಪೇಸ್ ನಷ್ಟ 14 ಡಿಬಿ ಜಾಸ್ತಿ. ಮೈಕ್ರೋಸೆಕೆಂಡಿಗೆ ಸಿಗ್ನಲ್ 300 ಮೀಟರ್ ಹೋಗುತ್ತದೆ. ತುಮಕೂರು ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ಹೋಗುವ ಕಾರಿಗೆ 3.5 ಗಿಗಾಹರ್ಟ್ಸ್‌ನಲ್ಲಿ ಡಾಪ್ಲರ್ (ಚಲನೆಯಿಂದ ಆವರ್ತನ ಸರಿಯುವುದು) ಸುಮಾರು 324 ಹರ್ಟ್ಸ್, ಅಂದರೆ ಒಂದೆರಡು ಮಿಲಿಸೆಕೆಂಡಿನಲ್ಲಿ ಚಾನೆಲ್ ಬದಲಾಗಿಬಿಡುತ್ತದೆ.

ಈ ಅಂಕಿಗಳು ಇದ್ದರೆ ಓಎಫ್‌ಡಿಎಂ (ಡೇಟಾವನ್ನು ಸಬ್‌ಕ್ಯಾರಿಯರ್ ಎಂಬ ಹಲವು ಸಣ್ಣ ಅಲೆಗಳ ಮೇಲೆ ಹಂಚಿ ಕಳಿಸುವ ವಿಧಾನ) ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಟ್ಟಡ, ಗುಡ್ಡಗಳಿಗೆ ಬಡಿದು ತಡವಾಗಿ ಬರುವ ಪ್ರತಿಗಳು ಮುಂದಿನ ಸಿಂಬಲ್ (ಒಂದು ಸಲಕ್ಕೆ ಕಳಿಸುವ ತುಣುಕು) ಮೇಲೆ ಬೀಳುತ್ತವೆ. ಅದಕ್ಕೆ ಎಲ್‌ಟಿಇಯಲ್ಲಿ (4ಜಿ) 66.7 ಮೈಕ್ರೋಸೆಕೆಂಡಿನ ಉದ್ದದ ಸಿಂಬಲ್, ಅದರ ಮುಂದೆ ಸುಮಾರು 4.7 ಮೈಕ್ರೋಸೆಕೆಂಡಿನ ಸೈಕ್ಲಿಕ್ ಪ್ರಿಫಿಕ್ಸ್, ಅಂದರೆ ಸಿಂಬಲ್‌ನ ಬಾಲದ ನಕಲು. 300ರಿಂದ ಗುಣಿಸಿ ನೋಡಿ. ನೇರ ದಾರಿಗಿಂತ 1.4 ಕಿ.ಮೀ. ಹೆಚ್ಚು ಸುತ್ತಿ ಬಂದ ಪ್ರತಿಯೂ ತೊಂದರೆ ಕೊಡುವುದಿಲ್ಲ. ಸಿಂಬಲ್‌ನ ಬಾಲವನ್ನೇ ಪ್ರಿಫಿಕ್ಸ್ ಮಾಡುವುದು ಯಾಕೆ? ಹಾಗೆ ಮಾಡಿದರೆ ಕಾನ್ವಲ್ಯೂಶನ್ (ಚಾನೆಲ್ ತಡವಾದ ಪ್ರತಿಗಳನ್ನು ಬೆರೆಸುವ ಲೆಕ್ಕ) ವರ್ತುಲಾಕಾರದ್ದಾಗುತ್ತದೆ. ಎಫ್‌ಎಫ್‌ಟಿ (ಸಿಗ್ನಲನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಆದ ಮೇಲೆ ಪ್ರತಿ ಸಬ್‌ಕ್ಯಾರಿಯರ್‌ಗೂ ಒಂದೇ ಒಂದು ಗುಣಾಕಾರ ಉಳಿಯುತ್ತದೆ. ಇದನ್ನು 8 ಪಾಯಿಂಟ್ ಎಫ್‌ಎಫ್‌ಟಿ, 2 ಟ್ಯಾಪ್ (ಎರಡೇ ದಾರಿಯ) ಚಾನೆಲ್ ಇಟ್ಟುಕೊಂಡು ಕೈಯಲ್ಲೇ ಲೆಕ್ಕ ಮಾಡಿ. ನೂರು ಸ್ಲೈಡ್ ನೋಡುವುದಕ್ಕಿಂತ ಮೇಲು.

ಮೈಮೋ ಕೆಪಾಸಿಟಿಗೆ (ತಪ್ಪಿಲ್ಲದೆ ಕಳಿಸಬಹುದಾದ ಗರಿಷ್ಠ ವೇಗ) ಬಂದರೆ, ಅದನ್ನು ಹೇಳುವ ಶಾನನ್ ಸೂತ್ರದಲ್ಲಿ ಲಾಗ್ ಇದೆ ಅನ್ನುವುದೇ ಕಥೆ. ಎಸ್‌ಎನ್‌ಆರ್ ಚೆನ್ನಾಗಿದ್ದಾಗ ಪವರ್ ದುಪ್ಪಟ್ಟು ಮಾಡಿದರೆ ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ ಒಂದೇ ಬಿಟ್ ಹೆಚ್ಚು. ಎರಡೂ ಕಡೆ ಆಂಟೆನಾ ಹೆಚ್ಚಿಸಿದರೆ ಲಾಗ್‌ನ ಹೊರಗಡೆಯೇ ಗುಣಾಕಾರ ಬರುತ್ತದೆ. 90ರ ದಶಕದಲ್ಲಿ ಸಂಶೋಧಕರಾದ ಫೋಸ್ಚಿನಿ, ಟೆಲಾಟರ್ ತೋರಿಸಿದ್ದು ಇದನ್ನೇ. ಇದಕ್ಕೆ ಎಸ್‌ವಿಡಿ (ಮ್ಯಾಟ್ರಿಕ್ಸನ್ನು ಸರಳ ಭಾಗಗಳಾಗಿ ಬಿಡಿಸುವ ವಿಧಾನ) ಬರಬೇಕು. ಗಣಿತ ಎಷ್ಟು ಬೇಕು ಅಂದಿರಲ್ಲ, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ, ಕಾನ್ವಲ್ಯೂಶನ್ ಇವು ಮೂರು ಗಟ್ಟಿ ಇದ್ದರೆ ಪೇಪರ್ ದಾಟುತ್ತದೆ. ಮೆಷರ್ ಥಿಯರಿ ಗಿಯರಿ ಬೇಡ.

ತಪ್ಪು ತಿದ್ದುವ ಕೋಡಿಂಗ್ ಭಾಗವನ್ನು ಮೇಲೆ ಮೇಲೆ ಓದಿದರೂ ನಡೆಯುತ್ತದೆ. ಟರ್ಬೋ ಕೋಡ್ 3ಜಿ, 4ಜಿಯಲ್ಲಿ, 5ಜಿಯಲ್ಲಿ ಡೇಟಾಗೆ ಎಲ್‌ಡಿಪಿಸಿ, ಕಂಟ್ರೋಲ್‌ಗೆ ಪೋಲಾರ್. ಎಲ್‌ಡಿಪಿಸಿಯನ್ನು ಸಂಶೋಧಕ ಗ್ಯಾಲಗರ್ 1960ರ ದಶಕದಲ್ಲೇ ಕೊಟ್ಟಿದ್ದರು, ಓಡಿಸುವ ಚಿಪ್ ಆಗ ಇರಲಿಲ್ಲ.

ಮ್ಯಾಟ್‌ಲ್ಯಾಬ್ ಕಾಲೇಜಿನಲ್ಲಿ ಇದ್ದರೆ ಬಳಸಿ, ಇಲ್ಲದಿದ್ದರೆ ದುಡ್ಡು ಹಾಕಬೇಡಿ. ರೆಡಿಮೇಡ್ ಟೂಲ್‌ಬಾಕ್ಸ್ ಕಲಿಯುವಾಗ ಒಳ್ಳೆಯದಲ್ಲ ಅನ್ನುವುದು ನನ್ನ ಹಠ. ಪಾಠಕ್ಕೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಕಾನ್ಪುರ, ಐಐಟಿ ಮದ್ರಾಸ್‌ನವರ ವೈರ್‌ಲೆಸ್ ಕೋರ್ಸ್‌ಗಳು ಪುಕ್ಕಟೆ ಇವೆ. ಒಂದನ್ನೇ ಹಿಡಿದು ಕೊನೆಯವರೆಗೆ ಹೋಗಿ. ಆಮೇಲೆ 5ಜಿಗೆ ನೇರವಾಗಿ 3ಜಿಪಿಪಿ (ಮೊಬೈಲ್ ಮಾನದಂಡ ಬರೆಯುವ ಸಂಸ್ಥೆ) ದಾಖಲೆ 38.211 ತೆಗೆಯಿರಿ, ಅದೂ ಪುಕ್ಕಟೆ. ಸೆಮಿನಾರ್ ವಿಷಯ ಬೇಕಿದ್ದರೆ ನಮ್ಮ 5ಜಿಐ (ಭಾರತದ್ದೇ 5ಜಿ ಮಾನದಂಡ) ಕಥೆ ಚೆನ್ನಾಗಿದೆ. ಹಳ್ಳಿಗಾಡಿನಲ್ಲಿ ಟವರ್‌ಗಳ ನಡುವೆ 6 ಕಿ.ಮೀ. ಅಂತರ ಇರುವ ಸನ್ನಿವೇಶವನ್ನು ಐಟಿಯು (ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ) 5ಜಿ ಪರೀಕ್ಷೆಗೆ ಸೇರಿಸುವಂತೆ ಮಾಡಿದ್ದು ಭಾರತ. ಕೊನೆಗೆ 5ಜಿಐ 3ಜಿಪಿಪಿ ರಿಲೀಸ್ 17ರ ಜೊತೆ ಸೇರಿತು.

ಡಾಂಗಲ್ ವಿಷಯ. ಆರ್‌ಟಿಎಲ್-ಎಸ್‌ಡಿಆರ್ (ಅಗ್ಗದ, ರಿಸೀವ್ ಮಾತ್ರ ಮಾಡುವ ಡಾಂಗಲ್) ಕೊಳ್ಳಿ, ಆದರೆ ಮೇಲಿನ ಗ್ರಾಫ್ ಬಂದ ಮೇಲೆ. ಅದು ಸುಮಾರು 1.7 ಗಿಗಾಹರ್ಟ್ಸ್‌ವರೆಗೆ ಮಾತ್ರ, ಅಗಲ 2.4 ಮೆಗಾಹರ್ಟ್ಸ್. 3.5 ಗಿಗಾಹರ್ಟ್ಸ್ 5ಜಿ ಅದಕ್ಕೆ ಎಟುಕುವುದಿಲ್ಲ. 850, 900 ಬ್ಯಾಂಡಿನ ಎಲ್‌ಟಿಇ ಟವರ್‌ನ ಸಿಂಕ್ ಸಿಗ್ನಲ್ (ಫೋನ್ ಟವರ್‌ನ ಸಮಯಕ್ಕೆ ಹೊಂದಿಕೊಳ್ಳಲು ಬಳಸುವುದು) ಸಿಗುತ್ತದೆ, ಯಾಕೆಂದರೆ ಅದು ಬ್ಯಾಂಡ್ ಮಧ್ಯದ ಸುಮಾರು 1 ಮೆಗಾಹರ್ಟ್ಸ್‌ನಲ್ಲೇ ಇರುತ್ತದೆ. ರೆಕಾರ್ಡ್ ಮಾಡಿ ಕೋರಿಲೇಶನ್ (ಗೊತ್ತಿರುವ ಸಿಂಕ್ ಸಿಗ್ನಲ್ ಜೊತೆ ಹೋಲಿಕೆ) ತೆಗೆದರೆ 5 ಮಿಲಿಸೆಕೆಂಡಿಗೊಮ್ಮೆ ಪೀಕ್ ಬರಬೇಕು. ಮೊದಲ ಸಲ ಬರುವುದಿಲ್ಲ! ಅಗ್ಗದ ಕ್ರಿಸ್ಟಲ್ 20 ಪಿಪಿಎಂ (ಹತ್ತು ಲಕ್ಷಕ್ಕೆ 20) ತಪ್ಪಿದರೆ 900 ಮೆಗಾಹರ್ಟ್ಸ್‌ನಲ್ಲಿ ಅದು 18 ಕಿಲೋಹರ್ಟ್ಸ್, ಸಬ್‌ಕ್ಯಾರಿಯರ್ ಅಂತರವೇ 15. ಟಿಸಿಎಕ್ಸ್‌ಓ (ತಾಪಮಾನ ಬದಲಾದರೂ ಹೆಚ್ಚು ಸ್ಥಿರವಾಗಿರುವ ಕ್ರಿಸ್ಟಲ್) ಇರುವ ಡಾಂಗಲ್‌ಗೆ ಸ್ವಲ್ಪ ಜಾಸ್ತಿ ಕೊಡಿ ಅನ್ನುವುದು ಇದಕ್ಕೇ.

ಟ್ರಾನ್ಸ್‌ಮಿಟ್ ಮಾಡುವ ಆಸೆ ಇದ್ದರೆ ಸುಮ್ನೆ ಆಂಟೆನಾ ಸಿಕ್ಕಿಸಿ ಗಾಳಿಗೆ ಬಿಡಬೇಡಿ. ಹ್ಯಾಮ್ (ಹವ್ಯಾಸಿ ರೇಡಿಯೋ) ಬ್ಯಾಂಡ್‌ಗೆ ಎಎಸ್‌ಒಸಿ (ಆಪರೇಟರ್ ಪ್ರಮಾಣಪತ್ರ) ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು, ಮೊಬೈಲ್ ಬ್ಯಾಂಡ್ ಅಂತೂ ಮುಟ್ಟುವ ಹಾಗೇ ಇಲ್ಲ. ಲ್ಯಾಬಿನಲ್ಲಿ ಪ್ಲೂಟೋ (ಟ್ರಾನ್ಸ್‌ಮಿಟ್ ಕೂಡ ಮಾಡುವ ಎಸ್‌ಡಿಆರ್) ಇದ್ದರೆ ಅದರ ಔಟ್‌ಪುಟ್ಟನ್ನು 30 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಮೂಲಕ ಕೇಬಲ್‌ನಲ್ಲೇ ಇನ್‌ಪುಟ್‌ಗೆ ಕೊಡಿ, ಫೇಡಿಂಗ್ ಕೋಡ್‌ನಲ್ಲೇ ಸೇರಿಸಿ. ನಿಮ್ಮ ಕಾಲೇಜಿನಲ್ಲಿ ಪ್ಲೂಟೋ ಇದೆಯಾ ಅಂತ ವಿಚಾರಿಸಿ ಇಲ್ಲೇ ಬರೆಯಿರಿ. ಇದ್ದರೆ ಕೇಬಲ್ ಮೇಲೆ ಓಎಫ್‌ಡಿಎಂ ಓಡಿಸುವ ಕೋಡ್ ಬಗ್ಗೆ ಬೇರೆ ಪೋಸ್ಟ್ ಹಾಕುತ್ತೇನೆ.